ಗುಲಾಬಿ ಬಣ್ಣದ ಅಳಿವೆ

ಉಪ್ಪಿನ ಮೂಟೆ ಕೊಳ್ಳಲು ಪಟ್ಟಣಕ್ಕೆ ಬಂದಿದ್ದ ಹಾಲಿಜಾ, ಬಸ್ಸಿಗೆ ಇನ್ನೂ ಒಂದು ಗಂಟೆ ಇದೆಯೆಂದು ಜಿಲ್ಲಾ ಗ್ರಂಥಾಲಯದೊಳಗೆ ಹೋಗಿ ಕೂತಳು. ಒಳಗೆ ತಂಪಾಗಿರುತ್ತದೆ ಎನ್ನುವುದಷ್ಟೇ ಕಾರಣ. ಅಲ್ಲಿ ಗೋಡೆಯುದ್ದಕ್ಕೂ ದೊಡ್ಡ ದೊಡ್ಡ ನಕ್ಷೆಗಳನ್ನು ತೂಗುಹಾಕಿದ್ದರು. ಮುಂದಿನ ಹದಿನೈದು ವರ್ಷ ಜಿಲ್ಲೆಯಲ್ಲಿ ಎಲ್ಲಿ ಏನು ಕಟ್ಟಬಹುದು, ಎಲ್ಲಿ ಕಟ್ಟಬಾರದು ಎನ್ನುವ ಕರಡು ಯೋಜನೆ. ಸಾರ್ವಜನಿಕರು ನೋಡಿ ಅಭಿಪ್ರಾಯ ತಿಳಿಸಬೇಕೆಂದು ಬಾಗಿಲಲ್ಲೇ ಬೋರ್ಡಿತ್ತು. ನೋಡುತ್ತಿದ್ದ ಸಾರ್ವಜನಿಕರೆಂದರೆ ಆ ಹೊತ್ತಿಗೆ ಹಾಲಿಜಾ ಒಬ್ಬಳೇ.

ಹೊಳೆಯ ತಿರುವನ್ನು ಹಿಡಿದು ಬೆರಳಾಡಿಸುತ್ತ ಹೋಗಿ ತನ್ನ ಊರು ಸುಂಗೈ ತೆಂಗಾರ್ ಅನ್ನು ಹುಡುಕಿದಳು. ಊರ ಪುಟ್ಟ ಮಸೀದಿ ಸುರಾವಿನ ಚುಕ್ಕಿ ಸಿಕ್ಕಿತು, ಅಳಿವೆ ಸಿಕ್ಕಿತು. ಊರಿಗೂ ಸಮುದ್ರಕ್ಕೂ ನಡುವೆ ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲಾ ಕಾಡು ಮಾತ್ರ ಹಸಿರಾಗಿರಲಿಲ್ಲ. ಇಡೀ ಪಟ್ಟಿ ಗುಲಾಬಿ ಬಣ್ಣದಲ್ಲಿತ್ತು.

ಮೂಲೆಯ ಮೇಜಿನ ಹಿಂದೆ ಜಿಲ್ಲಾ ಮಂಡಳಿಯ ಅಧಿಕಾರಿ, ಸ್ಯೂ ಹುಯಿ ಎಂಬ ಚೀನೀ ಹುಡುಗಿ, ಕೂತಿದ್ದಳು.

"ಮಗಳೇ, ಈ ಗುಲಾಬಿ ಅಂದ್ರೆ ಏನು?"

"ವಾಣಿಜ್ಯ ಮತ್ತೆ ಪ್ರವಾಸ, ಅಮ್ಮಾ. ಹೋಟೆಲು, ಅಂಗಡಿ, ದೋಣಿಕಟ್ಟೆ, ಅಂಥದ್ದು."

"ಅಲ್ಲಿ ನೀರಿದೆಯಲ್ಲ! ಸಮುದ್ರ ಉಕ್ಕಿ ಭರತ ಬಂದಾಗ ಸೊಂಟದ ಮಟ್ಟ ನೀರು."

"ಮಣ್ಣು ತುಂಬಿಸ್ತಾರಮ್ಮಾ."

ಅಷ್ಟು ಸಲೀಸಾಗಿ ಹೇಳಿದಳು. ಆಮೇಲೆ ಹಾಲಿಜಾಳ ಮುಖ ನೋಡಿ ದನಿ ತಗ್ಗಿಸಿ, "ಇದಿನ್ನೂ ಕರಡು. ಬೇಡ ಅನ್ನೋರು ಈ ಫಾರಂ ತುಂಬಿ ಕೊಡಬಹುದು. ಶುಕ್ರವಾರ ಕೊನೇ ದಿನ," ಎಂದಳು.

ಹಾಲಿಜಾ ಇಪ್ಪತ್ತೈದು ಫಾರಂ ತೆಗೆದುಕೊಂಡಳು. ತನ್ನದನ್ನು ಅಲ್ಲೇ ಕೂತು ತುಂಬಿದಳು. ಕೊನೆಯಲ್ಲಿ, "ಖುದ್ದಾಗಿ ಹಾಜರಾಗಿ ಹೇಳಲು ಬಯಸುವಿರಾ?" ಎಂದಿತ್ತು. ಖಾಲಿ ಬಿಟ್ಟರೆ ಫಾರಂ ತಿರಸ್ಕಾರವಾದೀತೆಂದು ಹೆದರಿ "ಹೌದು" ಎನ್ನುವಲ್ಲಿ ಗುರುತು ಹಾಕಿದಳು. ಬಸ್ಸಿನಲ್ಲಿ ಕೂತ ಮೇಲೆ ತಾನೇನು ಮಾಡಿಬಿಟ್ಟೆನೆಂದು ಹೊಳೆಯಿತು. ಐವತ್ತನಾಲ್ಕು ವರ್ಷದ ಬದುಕಿನಲ್ಲಿ ಅವಳು ನಾಲ್ಕು ಜನರೆದುರು ಎದ್ದು ನಿಂತು ಮಾತಾಡಿದವಳಲ್ಲ.

ಅವಳದು ಬೆಲಚಾನ್, ಅಂದರೆ ಅಡುಗೆಗೆ ಹಾಕುವ ಸಿಗಡಿಯ ಗಟ್ಟಿ, ಮಾಡಿ ಸಣ್ಣ ಅಂಗಡಿಯಲ್ಲಿ ಮಾರುವ ಕೆಲಸ. ಕಾಂಡ್ಲಾ ಬೇರುಗಳ ನಡುವೆ ಬೆಳೆದು ಅಳಿವೆಗೆ ಬರುವ ಪುಡಿ ಸಿಗಡಿಯನ್ನು ಬಲೆಯಲ್ಲಿ ಗೋರಿ, ಉಪ್ಪು ಬೆರೆಸಿ, ಬಿಸಿಲಿಗೆ ಹರವಿ, ಒರಳಲ್ಲಿ ಕುಟ್ಟಿ, ಮತ್ತೆ ಒಣಗಿಸಿ, ಮತ್ತೆ ಕುಟ್ಟಿ ಅಚ್ಚು ಕಟ್ಟಬೇಕು. ಗಂಡ ಸತ್ತ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಇದರಲ್ಲೇ ದಡ ಮುಟ್ಟಿಸಿದ್ದಳು. ಕಾಡು ಹೋದರೆ ಸಿಗಡಿ ಹೋಗುತ್ತದೆ ಎನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಡಗಣ ಊರಿನಲ್ಲಿ ಕಾಡು ಕಡಿದು ಸಿಗಡಿ ಸಾಕುವ ಕೆರೆಗಳನ್ನು ಮಾಡಿದ ಮೇಲೆ ಅಲ್ಲಿನ ಹೆಂಗಸರು ಇವಳ ಅಳಿವೆಗೇ ಬಲೆ ಹೊತ್ತು ಬರುತ್ತಿದ್ದರು.

ಫಾರಂ ತುಂಬಿಸುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಪಕ್ಕದ ಮನೆಯ ಕಲ್ಸೋಮ್ ಜೊತೆಗೆ ಬಂದಳು. ನಗುತ್ತ, ಛೇಡಿಸುತ್ತ, ಊರವರು ಒಬ್ಬೊಬ್ಬರೇ ಸಹಿ ಹಾಕಿದರು. ಹಾಲಿಜಾಳ ತಮ್ಮ ಬದ್ರುಲ್ ಮಾತ್ರ ಹಾಕಲಿಲ್ಲ. ದೋಣಿಯ ಇಂಜಿನ್ ಬಿಚ್ಚಿ ಕೂತಿದ್ದವನು ಗ್ರೀಸಿನ ಕೈ ಒರೆಸಿಕೊಳ್ಳುತ್ತ ಫಾರಂ ಪೂರ್ತಿ ಓದಿ ವಾಪಸು ಕೊಟ್ಟ.

"ಅಕ್ಕಾ, ಆ ಗುಲಾಬಿ ಪಟ್ಟಿಯ ನಡುವೆ ಒಂದು ದಪ್ಪ ಗೆರೆ ಇತ್ತಲ್ಲ, ನೋಡಿದ್ಯಾ?"

"ನೋಡಿದೆ."

"ಅದು ರಸ್ತೆ. ವಾರಕ್ಕೆ ಮೂರು ಸಲ ಸಾರಾಳನ್ನು ಡಯಾಲಿಸಿಸ್‌ಗೆ ಕರ್ಕೊಂಡು ಹೋಗೋನು ನಾನು. ದೊಡ್ಡ ಭರತದ ದಿನ ನಮ್ಮ ರಸ್ತೆ ಮೇಲೆ ಮೊಣಕಾಲು ನೀರು. ಹೋದ ತಿಂಗಳು ಎರಡು ಸಲ ವಾಪಸು ಬಂದ್ವಿ. ನಿನಗೆ ಸಿಗಡಿ ಬೇಕು. ನನಗೆ ಹೆಂಡತಿ ಬೇಕು."

ಹಾಲಿಜಾ ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡಳು. ಸಾರಾ ಒಳಗಿನಿಂದ, "ಅತ್ತಿಗೆಗೆ ಚಹಾ ಕೊಡದೆ ಕಳಿಸ್ತೀರಾ?" ಎಂದು ಕೂಗಿದಳು. ಹಾಲಿಜಾ ಚಹಾ ಕುಡಿಯದೆ ಎದ್ದು ಬಂದಳು.

ಆಮೇಲೆ ಅವಳಿಗೆ ನೆಮ್ಮದಿ ಇರಲಿಲ್ಲ. ಒಂದು ಮಧ್ಯಾಹ್ನ ಸಿಗಡಿ ಹರವುತ್ತಿದ್ದವಳು ಹಾಗೇ ಎದ್ದು ಊರ ಹಿಂದಿನ ಹಳೇ ಒಡ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದಳು. ಅಂದು ದೊಡ್ಡ ಭರತ. ಕೆಳಗಿನ ರಸ್ತೆ ಮುಳುಗಿತ್ತು, ಒಡ್ಡು ಒಣಗಿತ್ತು. ರಸ್ತೆಯೊಂದು ಬರಲೇಬೇಕಾದರೆ ಇಲ್ಲಿ ಬರಬಹುದು, ಕಾಡಿನ ಒಂದು ಬೇರನ್ನೂ ಮುಟ್ಟಬೇಕಿಲ್ಲ. ಆದರೆ ಒಡ್ಡಿನ ನಡುಭಾಗದಲ್ಲಿದ್ದದ್ದು ಅಪ್ಪ ಅವಳ ಹೆಸರಿಗೆ ಬಿಟ್ಟುಹೋದ ತೆಂಗಿನ ತುಂಡು. ಅವಳ ಒಣಗಿಸುವ ಕಣ, ಒರಳು, ಚಪ್ಪರ, ಎಲ್ಲ ಇದ್ದದ್ದು ಅಲ್ಲೇ. ಯಾರಾದರೂ ನೋಡಿದರೇನೋ ಎನ್ನುವಂತೆ ಬೇಗ ಬೇಗ ಮನೆಗೆ ಬಂದಳು. ಆ ವಿಷಯ ಕಲ್ಸೋಮ್‌ಗೂ ಹೇಳಲಿಲ್ಲ.

ಫಾರಂಗಳ ಮೇಲೆ ಮಂಡಳಿ ನಡೆಸುವ ವಿಚಾರಣೆಗೆ ಹತ್ತು ದಿನವಿರುವಾಗ ಊರ ಮುಖ್ಯಸ್ಥ ವಾನ್ ಸೈದಿನ್ ಮನೆಮನೆಗೆ ಬಂದ. ಕೈಯಲ್ಲಿ ಅಚ್ಚು ಹಾಕಿಸಿದ ಕಾಗದಗಳ ಕಟ್ಟು. ಆಕ್ಷೇಪಣೆ ಹಿಂತೆಗೆದುಕೊಂಡಿದ್ದೇನೆ ಎಂದು ಅದರಲ್ಲಿತ್ತು, ಸಹಿ ಹಾಕಿದರೆ ಸಾಕಿತ್ತು.

"ಒತ್ತಾಯ ಏನಿಲ್ಲ ಹಾಲಿಜಾ," ಎಂದ ಮೆಟ್ಟಿಲ ಮೇಲೆ ಕೂತು. "ನಿನ್ನ ಬೆಲಚಾನ್ ಅಂಗಡಿ ಇರೋದು ಸರ್ಕಾರಿ ಜಾಗದಲ್ಲಿ. ಪರವಾನಗಿ ವರ್ಷ ವರ್ಷ ನವೀಕರಣ ಆಗ್ಬೇಕು. ಅದನ್ನ ನೆನಪು ಮಾಡೋಣ ಅಂತ ಬಂದೆ ಅಷ್ಟೇ."

"ನೆನಪಿದೆ, ವಾನ್ ಅಣ್ಣ."

"ಮತ್ತೆ?"

"ಯೋಚನೆ ಮಾಡ್ತೀನಿ."

"ಯೋಚನೆ ಮಾಡೋಕೆ ಏನಿದೆ? ಇಪ್ಪತ್ತು ಜನ ಸಹಿ ಹಾಕಿ ಆಯ್ತು."

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಸಂಜೆಯೊಳಗೆ ಆಕ್ಷೇಪಣೆ ಉಳಿದದ್ದು ಇಬ್ಬರದು, ಅವಳದೂ ಕಲ್ಸೋಮ್‌ದೂ. ಅಂದಿನಿಂದ ಹಾಲಿಜಾ ಒರಳಲ್ಲಿ ಕುಟ್ಟುವಾಗ ತುಟಿ ಅಲ್ಲಾಡುತ್ತಿತ್ತು. "ಮಾನ್ಯರೇ" ಎಂದು ಶುರುಮಾಡುವುದೋ "ಸ್ವಾಮಿ" ಎನ್ನುವುದೋ, ಕಾಡಿನ ಮಾತು ಮೊದಲೋ ಸಿಗಡಿ ಮೊದಲೋ, ತೀರ್ಮಾನವಾಗುತ್ತಿರಲಿಲ್ಲ.

ವಿಚಾರಣೆಯ ಬೆಳಿಗ್ಗೆ ಕಲ್ಸೋಮ್ ತಲೆಗೆ ಬಟ್ಟೆ ಬಿಗಿದುಕೊಂಡು ಬಾಗಿಲಿಗೆ ಬಂದಳು.

"ಜ್ವರ ಕಣೇ."

ಹಾಲಿಜಾ ಅವಳ ಹಣೆ ಮುಟ್ಟಿದಳು. ತಣ್ಣಗಿತ್ತು. ಕಲ್ಸೋಮ್ ಕಣ್ಣು ಬೇರೆ ಕಡೆ ತಿರುಗಿಸಿ, "ಮಗನಿಗೆ ಮಂಡಳಿಯಲ್ಲಿ ಡ್ರೈವರ್ ಕೆಲಸ ಆಗೋದಿದೆ. ಬೈಕೋ, ಉಗಿ, ಏನಾದ್ರೂ ಮಾಡು," ಎಂದಳು.

"ಹೋಗಿ ಮಲಗು. ಜ್ವರ ಜಾಸ್ತಿ ಆದೀತು," ಎಂದಳು ಹಾಲಿಜಾ. ಕಲ್ಸೋಮ್ ಬಿಕ್ಕಿದಳು.

ಬಸ್ಸು ಬರಲಿಲ್ಲ. ರಸ್ತೆಯ ಮೇಲೆ ನೀರು ಏರತೊಡಗಿತ್ತು. ತಂಗುದಾಣದಲ್ಲಿ ಕಂಕುಳಿಗೆ ಚೀಲ ಒತ್ತಿಕೊಂಡು ನಿಂತಿದ್ದವಳ ಮುಂದೆ ಬದ್ರುಲ್‌ನ ವ್ಯಾನು ಬಂದು ನಿಂತಿತು. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಕರಿ ಸೊಂಗ್ಕೊಕ್ ಟೋಪಿ.

"ಹತ್ತು."

"ನೀನೆಲ್ಲಿಗೆ?"

"ಅಲ್ಲಿಗೇ. ನಾನೂ ಹೆಸರು ಕೊಟ್ಟಿದ್ದೀನಿ. ರಸ್ತೆ ಬೇಕು ಅಂತ ಹೇಳೋಕೆ."

ಹತ್ತಿದಳು. ಊರ ಹೊರಗಿನ ತಗ್ಗಿನಲ್ಲಿ ನೀರು ಚಕ್ರದ ಅರ್ಧಕ್ಕೆ ಬಂದು ಇಂಜಿನ್ ಗೊರಗೊರ ಎಂದಾಗ ಬದ್ರುಲ್ ಸ್ಟಿಯರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಅವನ ಬೆರಳ ಗೆಣ್ಣು ಬೆಳ್ಳಗಾಗಿತ್ತು. ಅವಳು ಅದನ್ನೇ ನೋಡುತ್ತ ಕೂತಳು. ಸಾರಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೀಗೆ ಎಷ್ಟು ಸಲ ದಾಟಿದ್ದಾನೋ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವೆ ಕೂತ ಅಧ್ಯಕ್ಷರಿಗೆ ನರೆಗೂದಲು. ಒಂದು ಪಕ್ಕದಲ್ಲಿ ಸ್ಯೂ ಹುಯಿ ಬರೆದುಕೊಳ್ಳುತ್ತಿದ್ದಳು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಬದ್ರುಲ್‌ನನ್ನು ಮೊದಲು ಕರೆದರು. ಅವನು ನಾಲ್ಕೇ ಮಾತಲ್ಲಿ ಸಾರಾಳ ಕಾಯಿಲೆ ಹೇಳಿ, "ಕಾಡು ಹೋಗ್ಲಿ ಅಂತ ನಾನು ಹೇಳ್ತಿಲ್ಲ. ನನಗೆ ರಸ್ತೆ ಬೇಕು. ನೀವು ಕಾಡಿನಲ್ಲಿ ಮಾತ್ರ ರಸ್ತೆ ತೋರಿಸಿದ್ದೀರಿ," ಎಂದು ಕೂತ. ಅಧ್ಯಕ್ಷರು ತಲೆಯಾಡಿಸಿದರು.

ಹಾಲಿಜಾಳ ಸರದಿ ಬಂತು. ಎದ್ದಳು. "ಮಾನ್ಯರೇ" ಎಂದೂ ಬರಲಿಲ್ಲ, "ಸ್ವಾಮಿ" ಎಂದೂ ಬರಲಿಲ್ಲ.

"ಸಿಗಡಿ..." ಎಂದು ನಿಂತಳು. ಸ್ಯೂ ಹುಯಿ ನೀರಿನ ಲೋಟ ಮುಂದೆ ತಳ್ಳಿದಳು. ಕುಡಿದು ಮತ್ತೆ ಶುರುಮಾಡಿದಳು. ಬಡಗಣ ಊರಿನ ಹೆಂಗಸರು ಇವಳ ಅಳಿವೆಗೆ ಬರುವುದನ್ನು ಹೇಳಿದಳು. ಅಲ್ಲಿ ಗಾಳಿಮಳೆಯ ವರ್ಷ ಸಮುದ್ರ ಸುರಾವಿನ ಒಳಗೇ ನುಗ್ಗಿ ಚಾಪೆಗಳನ್ನು ಎಳೆದುಕೊಂಡು ಹೋದದ್ದನ್ನು, ಅದೇ ದಿನ ತಮ್ಮ ಊರಿನ ಅಂಗಳಕ್ಕೆ ಬರೀ ನೊರೆ ಬಂದದ್ದನ್ನು ಹೇಳಿದಳು.

ಮೂವರಲ್ಲಿ ಕನ್ನಡಕದವನು ಕೇಳಿದ, "ಸಿಗಡಿ ಹೇಗೂ ಕಡಿಮೆಯಾಗ್ತಾ ಇದೆಯಲ್ಲ? ನಮ್ಮ ವರದಿಯಲ್ಲೇ ಇದೆ."

"ಆಗ್ತಾ ಇದೆ," ಎಂದಳು. ಸುಳ್ಳು ಹೇಳಲು ಅವಳಿಗೆ ಹೊಳೆಯಲೇ ಇಲ್ಲ. "ಅದಕ್ಕೇ ಇರೋದನ್ನಾದರೂ ಬಿಡಿ ಅಂತ."

"ಆಗಲಿ. ಆದ್ರೆ ನಿಮ್ಮ ಊರವರೇ ರಸ್ತೆ ಬೇಕು ಅಂತಾರೆ. ನೀವು ಬೇಡ ಅಂತೀರಿ?"

"ರಸ್ತೆ ಬೇಡ ಅಂದಿಲ್ಲ ನಾನು."

"ಮತ್ತೆ ಎಲ್ಲಿ ಮಾಡೋಣ?"

ಹಿಂದಿನಿಂದ ಬದ್ರುಲ್‌ನ ಕುರ್ಚಿ ಕಿರ್ ಎಂದಿತು. ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಅದನ್ನು ಹುಡುಕುವುದು ಅವರ ಕೆಲಸ, ಅವಳದಲ್ಲ. ಕೂತುಬಿಡಬಹುದಿತ್ತು.

"ಊರ ಹಿಂದೆ ಹಳೇ ಒಡ್ಡಿದೆ," ಎಂದಿತು ಅವಳ ಬಾಯಿ. "ದೊಡ್ಡ ಭರತದಲ್ಲೂ ಮುಳುಗಲ್ಲ. ನಾನೇ ನಡೆದು ನೋಡಿದ್ದೀನಿ."

ಅಧ್ಯಕ್ಷರು ನಕ್ಷೆ ಎಳೆದುಕೊಂಡರು. "ಒಡ್ಡಿನ ನಡುವೆ ಖಾಸಗಿ ಜಾಗ ಇದೆ. ಆ ಮಾಲೀಕರು ಒಪ್ಪಬೇಕಲ್ಲ?"

"ಅದು ನಂದೇ."

ಸ್ಯೂ ಹುಯಿಯ ಪೆನ್ನು ನಿಂತಿತು. "ಯೋಚನೆ ಮಾಡಿ ಹೇಳ್ತಿದ್ದೀರಾ ಅಮ್ಮಾ? ದಾಖಲಾಗುತ್ತೆ," ಎಂದರು ಅಧ್ಯಕ್ಷರು.

"ಯೋಚನೆ ಮಾಡಿದರೆ ಹೇಳಕ್ಕಾಗಲ್ಲ. ಬರ್ಕೊಳ್ಳಿ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಬದ್ರುಲ್ ತೆಂಗಿನ ಹಾಲಿನ ಅನ್ನ ನಾಸಿ ಲೆಮಾಕ್‌ನ ಎರಡು ಪೊಟ್ಟಣ ತಂದು ಒಂದನ್ನು ಅವಳ ತೊಡೆಯ ಮೇಲಿಟ್ಟ.

"ತಲೆ ಕೆಟ್ಟಿದೆಯಾ ನಿನಗೆ? ಅಪ್ಪನ ಜಾಗ ಅದು. ಎಲ್ಲಿ ಒಣಗಿಸ್ತೀಯ?"

"ಗೊತ್ತಿಲ್ಲ."

"ನನಗೆ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ. ಆಗ ನನಗೆ ಸಮಾಧಾನ ಆಗ್ಬಿಡ್ತಿತ್ತು."

ಅವನು ಅವಳ ಪೊಟ್ಟಣ ಬಿಚ್ಚಿಕೊಟ್ಟ.

ಉತ್ತರ ಬರಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳೂ ಅಂಚೆಯವನ ಬೈಕಿನ ಸದ್ದಿಗೆ ಹಾಲಿಜಾ ಬಾಗಿಲಿಗೆ ಬರುತ್ತಿದ್ದಳು. ಅಂಗಡಿಯ ಪರವಾನಗಿ ನವೀಕರಣವಾಗಲಿಲ್ಲ, ರದ್ದೂ ಆಗಲಿಲ್ಲ, "ಪರಿಶೀಲನೆಯಲ್ಲಿದೆ" ಎಂದರು. ವಾನ್ ಸೈದಿನ್ ಎದುರು ಸಿಕ್ಕಾಗ ಸಲಾಮಿಗೆ ಸಲಾಮು ಹೇಳುತ್ತಿದ್ದ, ಅಷ್ಟೇ.

ಕೊನೆಗೆ ಸ್ಯೂ ಹುಯಿ ತಾನೇ ಫೋನ್ ಮಾಡಿದಳು. ಯೋಜನೆ ಅಂತಿಮವಾಗಿತ್ತು. ಕಾಂಡ್ಲಾ ಪಟ್ಟಿಯ ಮೂರರಲ್ಲಿ ಎರಡು ಪಾಲು ಹಸಿರಾಗಿತ್ತು, ಬಡಗಣ ಪಾಲು ಗುಲಾಬಿಯಾಗಿಯೇ ಉಳಿದಿತ್ತು. ರಸ್ತೆಯನ್ನು ಒಡ್ಡಿನ ಮೇಲೆ ತೋರಿಸಿದ್ದರು.

"ಇಷ್ಟಾಗೋದೇ ಅಪರೂಪ ಅಮ್ಮಾ," ಎಂದಳು ಹುಡುಗಿ. "ಐದು ವರ್ಷಕ್ಕೆ ಮತ್ತೆ ಪರಿಶೀಲನೆ ಮಾಡ್ತಾರೆ."

"ಆ ಎರಡು ಪಾಲು ಮತ್ತೆ ಗುಲಾಬಿ ಆಗಬಹುದಾ?"

"ಆಗಬಹುದು," ಎಂದಳು.

ಅಳತೆಯವರು ಬಂದು ಕಣದ ನಡುವೆ ಕೆಂಪು ಬಟ್ಟೆ ಕಟ್ಟಿದ ಗೂಟ ಹೊಡೆದ ಮರುದಿನ ಕಲ್ಸೋಮ್ ಬಂದಳು. ತನ್ನ ಅಂಗಳದ ಮಾವಿನ ಮರದ ಅರ್ಧ ಕೊಂಬೆ ಕಡಿಸಿದ್ದಾಗಿ, ಈಗ ಅಲ್ಲಿ ಒಳ್ಳೇ ಬಿಸಿಲು ಬೀಳುತ್ತದೆಂದು ನೆಲ ನೋಡುತ್ತಲೇ ಹೇಳಿದಳು. ಹಾಲಿಜಾ ಬೇಡವೆನ್ನಲಿಲ್ಲ. ಬದ್ರುಲ್ ವ್ಯಾನು ತಂದು ಒರಳನ್ನು ಏರಿಸಿದ. ಒಳಗೆ ಕೂತಿದ್ದ ಸಾರಾ ಜಾಗ ಬಿಟ್ಟು ಸರಿದು, ಚಾಪೆಗಳ ಸುರುಳಿಯನ್ನು ಮಡಿಲಲ್ಲಿ ಇಟ್ಟುಕೊಂಡಳು.

ಅವರು ಹೊರಟ ಮೇಲೆ ಹಾಲಿಜಾ ಬಲೆ ಹೆಗಲಿಗೆ ಹಾಕಿ ಅಳಿವೆಗೆ ಇಳಿದಳು. ಬಡಗಣ ತುದಿಯಲ್ಲಿ ಯಂತ್ರದ ಸದ್ದು ಆಗಲೇ ಶುರುವಾಗಿತ್ತು. ಕೆಸರಿನಲ್ಲಿ ಒಂದೊಂದೇ ಹೆಜ್ಜೆಯಿಡುತ್ತ, ಆ ಸದ್ದು ಎಲ್ಲಿಗೆ ನಿಲ್ಲುತ್ತದೋ ಎಂದು ಕಿವಿಗೊಟ್ಟು, ಬಲೆಯನ್ನು ನೀರಿಗೆ ಬಿಟ್ಟಳು.