ಮೂಕಣ್ಣನ ಹಿಮ್ಮಡಿ

"ಎದ್ದೇಳ, ಬೋಸುಡಿ! ಕುಂಟೋ ನಾಟಕ ಸತ್ತ ಅಣ್ಣಗ ಸಾಕಾಗ್ಲಿಲ್ಲಂತ ನೀನೂ ಸುರು ಮಾಡೀಯೇನ್?"

ಕಂಪ್ಲಿಯ ರೈಸ್‌ಮಿಲ್ಲಿನ ಕಣದಲ್ಲಿ ಭತ್ತ ಹರವುತ್ತಿದ್ದ ಶಿಲ್ಪಶ್ರೀ ಬಲಗಾಲು ಹಿಡಿದು ಕೂತುಬಿಟ್ಟಿದ್ದಳು. ಮಾಲೀಕ ಶಂಭುಲಿಂಗ ಚಪ್ಪಲಿಯ ತುದಿಯಿಂದ ಅವಳ ಹಿಮ್ಮಡಿಗೆ ತಿವಿದ. ಹುಡುಗಿ ಚೀರಿದಳು. ಬುಟ್ಟಿ ಹೊತ್ತಿದ್ದ ತಾಯಿ ದ್ಯಾಮಕ್ಕ ತಿರುಗಿದಳು. ಅವಳಿಗೆ ಕೇಳಿಸಿದ್ದು ಸತ್ತ ಮಗ ಮೂಕಣ್ಣನ ದನಿ.

ಮೂಕಣ್ಣ ಇದೇ ಕಣದಲ್ಲಿ ಚೀಲ ಹೊರುತ್ತಿದ್ದ. ಹಿಮ್ಮಡಿ ಸಿಡಿಯುತ್ತದೆ ಅನ್ನುತ್ತಿದ್ದ. ಮೈಗಳ್ಳ ಎಂದು ಬೈದು ಶಂಭುಲಿಂಗ ಮತ್ತೂ ಹೊರಿಸಿದ. ಹೋದ ಸುಗ್ಗಿಯಲ್ಲಿ ಲಾರಿ ಹಿಂದಕ್ಕೆ ಬಂದಾಗ ಉಳಿದವರು ಓಡಿದರು, ಅವನಿಗೆ ಆಗಲಿಲ್ಲ. ಕುಡಿದಿದ್ದ ಎಂದು ಶಂಭುಲಿಂಗ ಪೊಲೀಸರಿಗೆ ಹೇಳಿದ.

ದ್ಯಾಮಕ್ಕ ಮಗಳನ್ನು ಬೆನ್ನಿಗೇರಿಸಿಕೊಂಡು ಹೊಸಪೇಟೆ ಬಸ್ಸು ಹತ್ತಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಶೈಲಶ್ರೀ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಹಿಮ್ಮಡಿ ಮೂಳೆಯ ನಡುವೆ ಕಪ್ಪು ತೂತು.

"ಕ್ಯಾನ್ಸರ್ ಅಲ್ಲಮ್ಮ, ಹೆದರಬ್ಯಾಡ. ಎಲುಬಿನೊಳಗ ನೀರಿನ ಗುಳ್ಳಿ. ಕೆರದು ತಗದು, ಅಕಿ ಸೊಂಟದ ಎಲುಬಿನ ಚೂರ ತುಂಬ್ತೀವಿ. ಕೂಡ್ಕೊಂತೈತಿ."

"ನನ್ ಮಗಗೂ ಇದ ಇತ್ತೇನ್ರಿ ಯವ್ವಾ? ಹಿಂಗ ಕುಂಟತಿದ್ದ."

"ಅವನ ಎಕ್ಸ್‌ರೇ ಐತೇನು?"

"ಇಲ್ಲರಿ. ಮಣ್ಣು ಮಾಡೀವಿ."

ಡಾಕ್ಟರು ಕಣ್ಣೆತ್ತದೆ ಬರೆಯುತ್ತಲೇ ಇದ್ದರು. "ಎಲುಬು ನೋಡದ ಹೆಂಗ ಹೇಳ್ಲಿ?"

ಆಪರೇಷನ್ ಕೋಣೆಯ ಹೊರಗೆ ಕೂತ ದ್ಯಾಮಕ್ಕನ ಕಿವಿಯಲ್ಲಿ ಆ ಮಾತೇ ತಿರುಗಿತು. ಬಾಗಿಲ ಹಿಂದೆ ಮಗಳ ಮೂಳೆ ಕೆರೆಯುತ್ತಿದ್ದರೆ, ಅವಳ ಕಣ್ಣಿಗೆ ಮಣ್ಣಿನಡಿಯ ಇನ್ನೊಂದು ಪಾದ ಕಾಣುತ್ತಿತ್ತು. ಅದರ ತೂತಿಗೆ ಮಣ್ಣೇ ತುಂಬಿರಬೇಕು.

ಕಾಲಿಗೆ ಪಟ್ಟಿ ಹಾಕಿಸಿಕೊಂಡು ಶಿಲ್ಪಶ್ರೀ ಊರಿಗೆ ಬಂದಳು. "ಅವ್ವಾ, ಮೊದ್ಲಿನ ಸಿಡತ ಇಲ್ಲ" ಎಂದಳು. ದ್ಯಾಮಕ್ಕ ಅವಳನ್ನು ನೆರೆಯ ದುರುಗವ್ವನ ಹತ್ತಿರ ಕೂರಿಸಿ, ಸಲಿಕೆ ತೆಗೆದುಕೊಂಡು ಮಟಮಟ ಮಧ್ಯಾಹ್ನ ಸುಡುಗಾಡಿಗೆ ನಡೆದು, ಮೂಕಣ್ಣನನ್ನು ಹೂತ ಜಾಗ ಅಗೆಯತೊಡಗಿದಳು.

ಸುದ್ದಿ ತಿಳಿದು ಶಂಭುಲಿಂಗ ಬೈಕಿನಲ್ಲಿ ಬಂದ. ಮಿಲ್ಲಿನ ಹೆಂಗಸರೂ ಕೆಲಸ ಬಿಟ್ಟು ಬಂದರು.

"ಹುಚ್ಚಮುಂಡೆ! ಹೆಣ ತಗಿಯಾಕ ನಿಂತೀಯೇನ್?"

"ನನ್ ಮಗ ನಾಟಕ ಮಾಡಿದ್ನೋ ಇಲ್ಲೋ, ನೋಡ್ಬೇಕ್ರಿ."

"ಪೊಲೀಸರ್ನ ಕರೀತೀನಿ, ಸೂಳೆ!"

"ಕರೀರಿ. ಅವರೂ ನೋಡ್ಲಿ."

ಅವನು ಸಲಿಕೆ ಕಿತ್ತುಕೊಳ್ಳಲು ಮುಂದೆ ಬಂದ. ಹೆಂಗಸರು ಗುಂಡಿಯ ಸುತ್ತ ನಿಂತರು. ಯಾರೂ ದಾರಿ ಬಿಡಲಿಲ್ಲ.

ಒಳಗೆ ದ್ಯಾಮಕ್ಕ ಸಲಿಕೆ ಬದಿಗಿಟ್ಟಳು. ಮೊಣಕಾಲೂರಿ, ಮಗನ ಕಾಲಕಡೆಯ ಮಣ್ಣನ್ನು ನೋವಾಗದ ಹಾಗೆ ಬೆರಳಿನಿಂದ ಸರಿಸತೊಡಗಿದಳು.