ವನಜಳ ಕಣ್ಣು, ಗುಡ್ಡಣ್ಣನ ಕಿವಿ

ಮೀನು ಇವತ್ತಿನದೋ ನಿನ್ನೆಯದೋ ಎಂದು ತಿಳಿಯುವುದು ಅದರ ಕಣ್ಣಿನಲ್ಲಿ. ಕಣ್ಣು ಹೊಳೆದರೆ ಹೊಸತು, ಮಂಜಾದರೆ ಹಳತು. ಕೋಟೇಶ್ವರದ ಮೀನು ಮಾರ್ಕೆಟ್ಟಿನಲ್ಲಿ ಈ ವಿದ್ಯೆಯಲ್ಲಿ ವನಜಳನ್ನು ಮೀರಿಸಿದವರಿಲ್ಲ. ಅವಳ ಪಕ್ಕದಲ್ಲಿ ಒಣಮೀನು ಹರಡಿಕೊಂಡು ಕೂರುವವಳು ನಾನು. ನನ್ನ ಮೀನಿಗೆ ಕಣ್ಣಿನ ಹಂಗಿಲ್ಲ, ಹಾಗಾಗಿ ನಮ್ಮಿಬ್ಬರಿಗೂ ಯಾವತ್ತೂ ಜಗಳವಾದದ್ದಿಲ್ಲ.

ಮೂರು ತಿಂಗಳಿಂದ ಮಾತ್ರ ವನಜಳಿಗೆ ಸಮುದ್ರದ ಮೀನೆಲ್ಲ ಹಳತಾಗಿ ಕಾಣತೊಡಗಿತು. ಬೆಳಿಗ್ಗೆ ಬೀಜಾಡಿಯ ಕಡಲ ದಡದಲ್ಲಿ ಗುಡ್ಡಣ್ಣನ ದೋಣಿಯಿಂದ ಬುಟ್ಟಿ ತುಂಬಿಸಿಕೊಂಡು ಬರುತ್ತಾಳೆ. ಗಿರಾಕಿ ಬಂದು ಬಂಗುಡೆ ಎತ್ತಿದರೆ ಸಾಕು, "ಬ್ಯಾಡ ಮಗಾ, ಅದ್ರ್ ಕಣ್ಣ್ ಕಾಣ್, ಮಂಜ್ ಮಂಜ್. ಗುಡ್ಡಣ್ಣ ಹಳ್ತ್ ಬೆರ್ಸಿರ್" ಎಂದು ತಾನೇ ಹೇಳಿ ಕಳಿಸುತ್ತಾಳೆ. ಗಿರಾಕಿ ಎರಡು ಹೆಜ್ಜೆ ಆಚೆ ಹೋಗಿ ಸುಗುಣಳ ಬುಟ್ಟಿಯಿಂದ ಅದೇ ದೋಣಿಯ ಬಂಗುಡೆ ತೆಗೆದುಕೊಳ್ಳುತ್ತಾನೆ. ಹತ್ತು ಗಂಟೆಗೆ ಸುಗುಣ ಖಾಲಿ ಬುಟ್ಟಿ ತೊಳೆದು ಮನೆಗೆ ಹೊರಟರೆ, ವನಜ ಮಧ್ಯಾಹ್ನದವರೆಗೆ ನೊಣ ಓಡಿಸುತ್ತಾ ಕೂತಿರುತ್ತಾಳೆ.

"ಗುಡ್ಡಣ್ಣನ ಹತ್ರ ಕೇಳಿದ್ಯಾ?" ಎಂದೆ.

"ದಿನಾ ಕೇಳ್ತೆ ಅಕ್ಕಾ! 'ಹಳ್ತ್ ಬೆರ್ಸಿ ನಂಗೆ ಮೋಸ ಮಾಡ್ತ್ರ್ಯಾ' ಅಂದ್ರೆ, ಹಲ್ಲ್ ಕಿಸ್ಕಂಡ್ 'ಹೌದ್, ಹೌದ್' ಅಂತ್ರ್. ನಾಚ್ಕಿ ಮಾನ ಇತ್ತಾ? ಸೋಮಾರದಿಂದ ಆ ದೋಣಿ ಬಿಡುದೇ ಸೈ."

ಇಪ್ಪತ್ತು ವರ್ಷದಿಂದ ಅವಳು ಆ ದೋಣಿಯವಳು. ಬೇರೆ ದೋಣಿಗಳಿಗೆಲ್ಲ ಅವರವರ ಖಾಯಂ ಹೆಂಗಸರಿದ್ದಾರೆ. ಇದನ್ನು ಬಿಟ್ಟರೆ ಅವಳ ಬುಟ್ಟಿಗೆ ಒಂದು ಮೀನೂ ಬೀಳುವುದಿಲ್ಲ, ವ್ಯಾಪಾರ ಮುಗಿಯಿತು.

ಕೆಟ್ಟದ್ದು ಮೀನಿನ ಕಣ್ಣಲ್ಲ ಎಂದು ನನಗೆ ಗುಮಾನಿ. ಆದರೆ ಮೀನು ಮಾರುವವಳಿಗೆ ನಿನ್ನ ಕಣ್ಣು ಸರಿಯಿಲ್ಲ ಎನ್ನುವುದೂ ಅಕ್ಕಸಾಲಿಗನಿಗೆ ನಿನ್ನ ತಕ್ಕಡಿ ಸರಿಯಿಲ್ಲ ಎನ್ನುವುದೂ ಒಂದೇ. ಹಾಗಾಗಿ, "ಶನಿವಾರ ಶಾಲೆಯಲ್ಲಿ ಕಣ್ಣು, ಕಿವಿ ತಪಾಸಣೆ ಉಂಟಂತೆ. ನಂಗೆ ಒಬ್ಳೇ ಹೋಪುಕೆ ಹೆದ್ರಿಕಿ, ನೀನೂ ಬಾ ಮಾರಾಯ್ತಿ" ಎಂದೆ. ನನ್ನ ಮೇಲಿನ ಕನಿಕರಕ್ಕೆ ಬಂದಳು.

ಶಿಬಿರದಲ್ಲಿ ಡಾಕ್ಟ್ರು ಒಳಗಿನ ಕೋಣೆಯಲ್ಲಿದ್ದರು. ಹೊರಗಿನ ಕೆಲಸವೆಲ್ಲ ಸಹಾಯಕಿ ಸ್ವಾತಿಯದು, ಕಿರಿಮಂಜೇಶ್ವರದ ಹುಡುಗಿ. ನನ್ನನ್ನು ಬೇಗ ಮುಗಿಸಿ ವನಜಳನ್ನು ಕೂರಿಸಿದಳು. ಗೋಡೆಯ ಹಲಗೆಯ ಮೇಲೆ ಬಾಚಣಿಗೆಯಂಥ ಗುರುತುಗಳು. ಹಲ್ಲು ಯಾವ ಕಡೆಗಿದೆ ಎಂದು ಬೆರಳಲ್ಲಿ ತೋರಿಸಬೇಕು. ಮೇಲಿನ ದೊಡ್ಡದನ್ನು ತೋರಿಸಿದ ವನಜ ಎರಡನೆಯ ಸಾಲಿಗೇ ಬೆರಳು ನಿಲ್ಲಿಸಿದಳು.

"ಹಲ್ಗಿ ಧೂಳ್ ಹಿಡ್ದಿತ್ತ್. ಒರ್ಸಿ ಮಗಾ."

ಸ್ವಾತಿ ಎದ್ದು ಬಟ್ಟೆಯಲ್ಲಿ ಒರೆಸಿದಳು. "ಈಗ ಅಮ್ಮಾ?"

"ಇನ್ನೂ ಸಮಾ ಒರೆಸ್ಲಿಲ್ಲ ನೀವ್."

ಸ್ವಾತಿ ನಗು ನುಂಗಿಕೊಂಡು ಸಣ್ಣ ಟಾರ್ಚ್ ಹಿಡಿದು ಎರಡೂ ಕಣ್ಣು ನೋಡಿದಳು. "ಅಮ್ಮಾ, ಬಂಗುಡೆ ಕಣ್ಣ್ ಬೆಳ್ಳಗಾದ್ರೆ ನೀವ್ ಎಂತ ಅಂತ್ರಿ?"

"ಹಳ್ತ್ ಅಂತೆ."

"ನಿಮ್ಮ ಕಣ್ಣೂ ಹಾಂಗೇ ಬೆಳ್ಳಗಾಯ್ತ್."

"ಅಂದ್ರೆ? ನಾನ್ ಹಳ್ತಾ?" ವನಜ ಎದ್ದೇ ನಿಂತಳು.

"ಕೂಕಣಿ, ಕೂಕಣಿ. ಅದ್ಕೆ ಪೊರೆ ಅಂತ್ರ್. ಮೀನಿನ ಕಣ್ಣ್ ಬದಲ್ಸುಕಾತಿಲ್ಲ, ನಿಮ್ದ್ ಆತ್ತ್. ಪೊರೆ ತೆಗ್ದ್ ಒಳಗೊಂದ್ ಹೊಸ ಲೆನ್ಸ್ ಇಡುದ್. ಡಾಕ್ಟ್ರು ಸಮಾ ಕಾಣ್ಲಿ, ಅದಕ್ಕೀಗ ಮದ್ದು ಬಿಡ್ತೆ. ಅರ್ಧ ಗಂಟೆ ಕಣ್ಣ್ ಮುಚ್ಕಂಡೇ ಇರಿ."

ಮದ್ದು ಬಿಟ್ಟು ಬೆಂಚಿನ ಮೇಲೆ ಕೂರಿಸಿದಳು. ವನಜ ಕಣ್ಣು ಮುಚ್ಚಿದಳು, ಬಾಯಿ ಮುಚ್ಚಲಿಲ್ಲ. ಪೊರೆಯ ಮಾತು ನಂಬದೆ ಮತ್ತೆ ಗುಡ್ಡಣ್ಣನ ಪುರಾಣ ಶುರು ಮಾಡಿದಳು.

ಅಷ್ಟರಲ್ಲಿ ನಾನು ನೋಡುತ್ತೇನೆ, ಆಚೆಯ ಕುರ್ಚಿಯಲ್ಲಿ ಕಿವಿಯ ಕೆಳಗೆ ಬೋಗುಣಿ ಹಿಡಿದುಕೊಂಡು ಗುಡ್ಡಣ್ಣನೇ ಕೂತಿದ್ದಾನೆ! ಮೂವತ್ತು ವರ್ಷ ದೋಣಿಯ ಇಂಜಿನ್ನಿನ ಪಕ್ಕ ಕೂತ ಕಿವಿ. ಅದು ಸಾಲದೆಂದು ಎಣ್ಣೆ ಬಿಟ್ಟು ಬೆಂಕಿಕಡ್ಡಿ ಹಾಕಿ ತಿರುವಿ, ಕೊಳೆಯನ್ನೆಲ್ಲ ಒಳಕ್ಕೆ ಜಡಿದುಕೊಂಡಿದ್ದ. ಹೋದ ವಾರವೇ ಆಸ್ಪತ್ರೆಯಲ್ಲಿ ಅದು ಮೆತ್ತಗಾಗಲು ಮದ್ದು ಕೊಟ್ಟಿದ್ದರಂತೆ. ಈಗ ಸ್ವಾತಿ ಉಗುರುಬೆಚ್ಚಗಿನ ನೀರು ತುಂಬಿಸಿ, "ತಣ್ಣೀರ್ ಬಿಟ್ರೆ ತಲೆ ತಿರ್ಗತ್ತ್, ಅದ್ಕೆ ಬಿಸಿ. ಅಲ್ಲಾಡ್ಬೇಡಿ" ಎಂದು ಕೂಗಿ ಹೇಳಿ, ಪಿಚಕಾರಿಯಲ್ಲಿ ಒಂದೊಂದೇ ಕಿವಿ ತೊಳೆದಳು. ಹುಣಸೆಬೀಜದಷ್ಟು ದೊಡ್ಡ ಎರಡು ಉಂಡೆ ಬೋಗುಣಿಗೆ ಬಿದ್ದವು.

ಗುಡ್ಡಣ್ಣ ತಲೆಯೆತ್ತಿ ಫ್ಯಾನನ್ನು ನೋಡಿದ. "ಇದ್ ಎಂತಕ್ಕೆ ಹೀಂಗ್ ಬೊಬ್ಬಿ ಹೊಡಿತ್ತ್?"

"ಅದ್ ಬೆಳಿಗ್ಗೆಯಿಂದ ಹಾಂಗೇ ತಿರ್ಗ್ತಾ ಇತ್ತ್. ಇನ್ನ್ ಕಿವಿಗೆ ಕಡ್ಡಿ ಹಾಕ್ರೆ ನಾನ್ ದೋಣಿಗೇ ಬತ್ತೆ, ಕಾಣಿ!" ಎಂದಳು ಸ್ವಾತಿ. ಅವನು ಮಗುವಿನಂತೆ ತಲೆಯಾಡಿಸಿ ಎದ್ದು ಬಂದು, ಬೇರೆ ಜಾಗವಿಲ್ಲದೆ, ನಮ್ಮ ಬೆಂಚಿನಲ್ಲೇ ಕೂತ.

"ಆ ಗುಡ್ಡಣ್ಣ ಇತ್ರಲೆ ಅಕ್ಕಾ," ತನ್ನ ಮಾತಿನಲ್ಲೇ ಮುಳುಗಿದ್ದ ವನಜ ಹೇಳುತ್ತಿದ್ದಳು, "ದೊಡ್ಡ ಕಳ್ಳ."

ನಾನು ಕೆಮ್ಮಿದೆ. ಅವಳ ತೊಡೆ ಚಿವುಟಿದೆ.

"ಚೂಂಟುದ್ ಎಂತಕೆ? ಇದ್ದದ್ದೇ ಹೇಳುದ್ ನಾನ್. ಕೊಳ್ತ್ ಬಂಗುಡೆ ಕೊಟ್ಟ್ ಹಲ್ಲ್ ಬೇರೆ ಕಿಸಿತ್ರ್."

ಗುಡ್ಡಣ್ಣ ನನ್ನ ಮುಖ ನೋಡಿದ. "ಈ ವನಜ ಹೀಂಗ್ ಹೇಳುಕ್ ಹಿಡ್ದ್ ಎಷ್ಟ್ ದಿನ ಆಯ್ತ್?"

ದನಿ ಕೇಳಿ ವನಜ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮೂರು ತಿಂಗಳು," ಎಂದೆ. "ನಿಮ್ಮ ಎದುರಿಗೇ."

"ಅಯ್ಯೋ ದೇವ್ರೇ! ನಾನ್ ಅದ್ ಸುಖದುಃಖ ಮಾತಾಡ್ತಾ ಇತ್ತ್ ಅಂದ್ಕಂಡಿದ್ದೆ. 'ಹೌದ್ ಹೌದ್' ಅಂತಾ ಇದ್ದೆ!" ಅವನ ಮುಖ ಕೆಂಪಾಯಿತು. "ಇಡೀ ಬೀಜಾಡಿ ಎದ್ರ್ ಕಳ್ಳ ಅಂತ ಒಪ್ಕಂಡೆ ಅಲ್ದಾ ನಾನ್? ಸಾಕ್. ನಾಳೆಯಿಂದ ನಿಂಗೆ ನನ್ ದೋಣಿಯಿಂದ ಒಂದ್ ಮೀನಿಲ್ಲ."

ದೋಣಿ ಬಿಡುತ್ತೇನೆ ಎಂದು ತಾನು ಹೇಳುವುದು ಬೇರೆ, ಅವನೇ ಬಿಡಿಸುವುದು ಬೇರೆ. ವನಜಳ ಮುಚ್ಚಿದ ರೆಪ್ಪೆಯಿಂದ ನೀರು ಇಳಿಯಿತು. ಸ್ವಾತಿ ಓಡಿ ಬಂದಳು. "ಅಳ್ಬೇಡಿ ಅಮ್ಮಾ, ಮದ್ದೆಲ್ಲ ತೊಳ್ದ್ ಹೋತ್ತ್!" ಮತ್ತೆ ಮದ್ದು ಬಿಟ್ಟು ಗುಡ್ಡಣ್ಣನ ಕಡೆ ತಿರುಗಿದಳು. "ಹ್ವಾಯ್, ಇವ್ರ್ ಕಣ್ಣಗೆ ಪೊರೆ. ನೀವ್ ಈಗಷ್ಟೆ ಹಿಡ್ದ ಮೀನ್ ತಂದ್ ಕೊಟ್ರೂ ಮಂಜೇ ಕಾಣತ್ತ್. ತಪ್ಪ್ ಇವ್ರದ್ದಲ್ಲ, ನಿಮ್ದೂ ಅಲ್ಲ."

ಗುಡ್ಡಣ್ಣ ಎದ್ದು ಹೋದ. ಡಾಕ್ಟ್ರೂ ನೋಡಿ ಪೊರೆಯೇ ಎಂದರು.

ಮುಂದಿನ ವಾರ ಬಲಗಣ್ಣಿನ ಆಪರೇಷನ್ ಆಯಿತು. ತಲೆಗೆ ನೀರು ಬೇಡ, ಭಾರ ಎತ್ತಬೇಡಿ, ಹೊಗೆಯ ಹತ್ತಿರ ಬೇಡ ಎಂದು ಸ್ವಾತಿ ಮೂರು ಸಲ ಹೇಳಿ, ನಾಲ್ಕನೆಯ ಸಲ ವನಜಳಿಂದಲೇ ಹೇಳಿಸಿದಳು. ಮದ್ದು ಬಿಡುವ ಕೆಲಸ ನನಗೆ ಬಂತು. ಮಾರ್ಕೆಟ್ಟಿನಲ್ಲಿ ಅವಳ ಜಾಗಕ್ಕೆ ಬೇರೆಯವರು ಕೂರದಂತೆ ಅವಳ ಬುಟ್ಟಿ ಮಗುಚಿ ಇಟ್ಟೆ. ಆದರೆ ಆ ಬುಟ್ಟಿಗೆ ಮೀನು ಎಲ್ಲಿಂದ?

ತಿಂಗಳು ಕಳೆದು ಡಾಕ್ಟ್ರು ಕೆಲಸಕ್ಕೆ ಹೋಗಬಹುದು ಎಂದ ಮರುದಿನ ಇಬ್ಬರೂ ಬೀಜಾಡಿಗೆ ಹೋದೆವು. ಗುಡ್ಡಣ್ಣನ ದೋಣಿ ಆಗಷ್ಟೇ ದಡಕ್ಕೆ ಬಂದಿತ್ತು. ವನಜ ಒಂದು ಬಂಗುಡೆ ಎತ್ತಿ ಬಲಗಣ್ಣಿಗೆ ಹಿಡಿದಳು. ತಿರುಗಿಸಿದಳು. ಮತ್ತೊಂದು ಎತ್ತಿದಳು. ಮರಳ ಮೇಲಿದ್ದವರೆಲ್ಲ ಸುತ್ತ ಸೇರಿದರು.

"ಹೊಸ್ತೇ," ಎಂದಳು ಮೆಲ್ಲಗೆ. "ನಂದೇ ತಪ್ಪಾಯ್ತ್."

ಗುಡ್ಡಣ್ಣ ಕಿವಿಗೆ ಕೈ ಹಿಡಿದ. "ಎಂತ? ಕೇಣ್ತಿಲ್ಲ."

"ನಂದೇ ತಪ್ಪಾಯ್ತ್ ಗುಡ್ಡಣ್ಣ!"

"ಅಲೆ ಸದ್ದ್ ಕಾಣ್. ಇನ್ನೊಂದ್ ಸಲ ಹೇಳ್."

"ತಪ್ಪಾಯ್ತ್! ಮೀನ್ ಹೊಸ್ತ್! ನೀವ್ ಕಳ್ಳ ಅಲ್ಲ!" ಬಲೆ ಬಿಡಿಸುತ್ತಿದ್ದವರೂ ಎದ್ದು ನೋಡುವಂತೆ ಕೂಗಿದಳು.

ಗುಡ್ಡಣ್ಣ ಅವಳ ಬುಟ್ಟಿಯನ್ನು ತಾನೇ ಎಳೆದುಕೊಂಡು ಎರಡು ಕೈಯಲ್ಲೂ ಬಂಗುಡೆ ಮೊಗೆದು ತುಂಬಿಸತೊಡಗಿದ. ವನಜ ನನ್ನ ಕಿವಿಗೆ ಬಗ್ಗಿ, ಗಾಳಿಗೂ ಕೇಳಿಸದಂತೆ, "ಕಳ್ಳ್ ಮುದ್ಕ" ಎಂದಳು.

"ಅದ್ ಕೇಣ್ತ್," ಎಂದ ಗುಡ್ಡಣ್ಣ, ತಲೆಯೆತ್ತದೆ.