ಮೆತ್ತನೆಯ ಸೀಟು

ನನಗೆ ಮೂಗಿನ ತುದಿಯಲ್ಲೇ ಕೋಪ. ಎಂಟರ ಆಕಾರದ ಗೆರೆಯ ಮೇಲೆ ಮತ್ತೆ ಬಿದ್ದಾಗ ಎದ್ದು ಬೈಕಿಗೇ ಒದ್ದೆ. ಬೈಕಿಗೇನೂ ಆಗಲಿಲ್ಲ, ನನ್ನ ಕಾಲು ನೊಂದಿತು.

"ಗಾಡಿ ಸರಿಯಿಲ್ಲ ಸಾರ್," ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಓಡಿಸಲು ಕಲಿಸುವ ಮೇಷ್ಟ್ರು ನಕ್ಕರು.

ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಕೆಲಸ ನನಗೆ ಸಿಕ್ಕಿತ್ತು. ಸೋಮವಾರದ ಲೈಸೆನ್ಸ್ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಅದು ಬೇರೆಯವರ ಪಾಲು. ವೇಗವಾಗಿ ಹೋದರೆ ಬೈಕು ತಾನಾಗಿ ನೆಟ್ಟಗಿರುತ್ತಿತ್ತು. ನಿಧಾನವಾಗಿ ತಿರುಗಿಸುವಾಗಲೇ ಅದರ ಭಾರವೆಲ್ಲ ಒಂದು ಕಡೆಗೆ ವಾಲುತ್ತಿತ್ತು. ಕಾಲೂರಲು ಹೋದರೆ ಹೆಬ್ಬೆರಳಷ್ಟೇ ನೆಲಕ್ಕೆ ತಾಗುತ್ತಿತ್ತು. ಹೆದರಿ ಮುಂದಿನ ಬ್ರೇಕ್ ಹಿಡಿಯುತ್ತಿದ್ದೆ. ಹ್ಯಾಂಡಲ್ ತಿರುಗಿದ್ದಾಗ ಆ ಬ್ರೇಕ್ ಹಿಡಿದರೆ ಬಿದ್ದಂತೆಯೇ.

ಕಾರಣ ನನಗೆ ಗೊತ್ತಿತ್ತು. ನನ್ನ ಗಂಡ ಗಾಡಿಗಳ ಸೀಟು ಹೊಲಿಯುವವರು. ನನಗೆ ಸೊಂಟ ನೋವು ಬರಬಾರದೆಂದು ಈ ಬೈಕಿನ ಸೀಟಿಗೆ ಒಂದು ಪದರ ಸ್ಪಂಜು ಹೆಚ್ಚಿಗೆ ಹಾಕಿ ಎತ್ತರಿಸಿ, ನೀಲಿ ದಾರದಲ್ಲಿ ಹೊಲಿದು ಕೊಟ್ಟಿದ್ದರು. ಅದನ್ನು ಕಿತ್ತು ಹಾಕಿ ಎನ್ನಲು ನನಗೆ ಬಾಯಿಯೇ ಬರಲಿಲ್ಲ.

ಸಂಜೆ ನಾನು ಕುಂಟುವುದನ್ನು ಅತ್ತೆ ನೋಡಿದರು. "ಗಾಡಿ ಮೇಲೆ ಕೂತ್ಕೋ, ನೋಡೋಣ," ಎಂದರು. ಕೂತೆ. ಬಗ್ಗಿ, ನನ್ನ ಹಿಮ್ಮಡಿಯ ಕೆಳಗೆ ತಮ್ಮ ಚಪ್ಪಲಿ ತೂರಿಸಿದರು. ಸಲೀಸಾಗಿ ಹೋಯಿತು.

"ಲೋ, ಬಾರೋ ಇಲ್ಲಿ!" ಎಂದು ಮಗನನ್ನು ಕೂಗಿದರು. "ಹೆತ್ತವರಿಗೆ ಹೆಗ್ಗಣ ಮುದ್ದು, ನಿಂಗೆ ನಿನ್ನ ಸೀಟು ಮುದ್ದು. ಇವಳ ಕಾಲು ನೆಲ ಮುಟ್ತಿಲ್ಲ, ನೋಡೋ."

ನನ್ನ ಗಂಡನ ಮುಖ ಸಣ್ಣಗಾಯಿತು. "ಯಾಕೆ ಹೇಳ್ಲಿಲ್ಲ?"

"ಅಷ್ಟು ಚೆನ್ನಾಗಿ ಹೊಲ್ದಿದ್ರಿ ಕಣ್ರೀ..."

"ನೀನು ಬೀಳೋದಕ್ಕಾ ಹೊಲ್ದಿದ್ದು?" ಎಂದವರೇ ಕತ್ತರಿ ತಂದು ಒಂದೊಂದೇ ಹೊಲಿಗೆ ಬಿಚ್ಚಿದರು.

ಸೋಮವಾರ ಪರೀಕ್ಷೆಯಲ್ಲಿ ಎಂಟರ ಗೆರೆ ಸುತ್ತಿದೆ. ಬೈಕು ವಾಲಿದಾಗ ನೆಲ ಸಿಗುತ್ತದೆ ಎಂಬ ಧೈರ್ಯವಿತ್ತು. ಹಾಗಾಗಿ ಕಾಲೂರುವ ಪ್ರಮೇಯವೇ ಬರಲಿಲ್ಲ. ಮೇಷ್ಟ್ರು, "ನೆಲ ನೆಟ್ಟಗಾಯ್ತೇನಮ್ಮ?" ಎಂದರು. ಅವತ್ತು ನನಗೆ ಕೋಪವೇ ಬರಲಿಲ್ಲ.

ಈಗ ಆ ಸೀಟು ಹಲಗೆಯಂತಿದೆ. ದಿನವಿಡೀ ರೋಗಿಗಳ ಮನೆ ಸುತ್ತಿ ಬರುವಷ್ಟರಲ್ಲಿ ಸೊಂಟ ಹಿಡಿದುಕೊಂಡಿರುತ್ತದೆ. ಸೀದಾ ಅಡುಗೆಮನೆಗೆ ಹೋಗಿ ಮರದ ಕುರ್ಚಿಯಲ್ಲಿ ಕೂರುತ್ತೇನೆ. ಕತ್ತರಿಸಿ ತೆಗೆದ ಸ್ಪಂಜನ್ನು ನನ್ನ ಗಂಡ ಬಿಸಾಡಿರಲಿಲ್ಲ. ಅದೇ ನೀಲಿ ದಾರದಲ್ಲಿ ಹೊಲಿದು ಆ ಕುರ್ಚಿಗೆ ಹಾಕಿದ್ದಾರೆ.